ಒಬ್ಬಳೇ ಮಗಳು

ಸಂಗ್ರಹಕಾರನ ಮಖಮಲ್ ಪೆಟ್ಟಿಗೆಯಲ್ಲಿ ಕಂಪನಿ ಕಾಲದ ತಾಮ್ರದ ಕಾಲಾಣೆಯೊಬ್ಬಳು ರಾಣಿಯ ಹಾಗೆ ಮಲಗಿದ್ದಳು. ಅಂಥ ನಾಣ್ಯ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದೇ ಅವಳ ಬೆಲೆ, ಅದೇ ಅವಳ ಬಿಂಕ. ಒಂದು ದಿನ ಯಾವುದೋ ಹಳೇ ಗಡಿಗೆಯಲ್ಲಿ ಸಿಕ್ಕ ಇನ್ನೊಬ್ಬ ಕಾಲಾಣೆಯನ್ನು ತಂದು ಅವಳ ಪಕ್ಕದಲ್ಲಿಟ್ಟರು.

“ಅಕ್ಕಾ! ಒಂದೇ ಅಚ್ಚಿನಲ್ಲಿ ಹುಟ್ಟಿದವರಲ್ವೇನೇ ನಾವು?” ಎಂದಳು ಬಂದವಳು.

ಬೆಲೆ ಬಿದ್ದುಹೋದೀತೆಂದು ಅಕ್ಕ ದೂರ ಸರಿದಳು. “ಯಾರೇ ನೀನು? ನಾನು ಒಬ್ಬಳೇ ಮಗಳು.”

ಪೆಟ್ಟಿಗೆಯ ಪಕ್ಕದಲ್ಲಿದ್ದ ಸಂಗ್ರಹಕಾರನ ಭೂತಗನ್ನಡಿ ಕೆಮ್ಮಿತು. “ಹಾಗೋ ತಾಯಿ? ಜೊತೆಯಿಲ್ಲದವಳು ನಕಲಿಯೇ ಇರಬೇಕೆಂದು ಪೇಟೆಯಲ್ಲೆಲ್ಲ ಗುಮಾನಿ. ನಿನ್ನ ಅಚ್ಚಿನವಳೇ ಇನ್ನೊಬ್ಬಳು ಸಿಕ್ಕರೆ ನೀನು ಅಸಲಿ ಎಂದಾಗುತ್ತಿತ್ತು. ನಿನ್ನ ಪರ ಸಾಕ್ಷಿಗೆಂದೇ ಇವಳನ್ನು ಕರೆತಂದದ್ದು.”

“ತಂಗೀ...” ಎಂದಳು ಕಾಲಾಣೆ.

ತಂಗಿ ಮಗ್ಗುಲು ತಿರುಗಿದಳು. “ಇವರು ಯಾರೋ ನಂಗೊತ್ತಿಲ್ಲ, ಸ್ವಾಮಿ.”