ಗಾಣಿಗರ ಮಗಳ ಒಣತಲೆ

ಒಂದಾನೊಂದು ಕಾಲದಲ್ಲಿ, ಎತ್ತು ಸುತ್ತಿದ ಹಾಗೆಲ್ಲ ಗಾಣದಿಂದ ಎಣ್ಣೆ ತೊಟ್ಟಿಕ್ಕೋ ಕಾಲದಲ್ಲಿ, ಜೋಗಯ್ಯ ಅಂತ ಒಬ್ಬ ಗಾಣಿಗ ಇದ್ದನಂತೆ. ಅವನಿಗೆ ತಾಯಿಲ್ಲದ ಒಬ್ಬಳೇ ಮಗಳು, ದೇವೀರಿ ಅಂತ. ಮನೇಲಿ ಮೂವರು ಸೋದರತ್ತೆಯರು, ಮೂವರಿಗೂ ಬಾಯಿ ಜಾಸ್ತಿ. ಹೂಂ ಅನ್ನು ಮಗ, ಹೂಂಗುಟ್ಟದೋರಿಗೆ ನಾನು ಕತೆ ಹೇಳಲ್ಲ. ಕೈ ತೆಗಿ ತಲೆಯಿಂದ, ಕೆರ್ಕೋಬೇಡ.

ದೇವೀರಿ ಕೂದಲು ಮೊಣಕಾಲು ಮುಟ್ಟೋದಂತೆ. ಗಾಣಿಗರ ಮನೆ ಅಲ್ವಾ, ದಿನಾ ಬೆಳಿಗ್ಗೆ ಎಣ್ಣೆ ಮೆತ್ತಿ, ಬಿಗಿಯಾಗಿ ತುರುಬು ಕಟ್ಟೋರು, ತಲೆಗೆ ನೀರು ಬೀಳೋದು ಹಬ್ಬಕ್ಕೆ ಮಾತ್ರ. ಗಾಣಿಗರ ಹುಡುಗಿ ತಲೆಯೇ ಒಣಗಿದ್ರೆ ಆ ಮನೆ ಎಣ್ಣೆ ಯಾರು ತಗೋತಾರೆ ಅಂತ ಜೋಗಯ್ಯ ಹೇಳ್ತಿದ್ದನಂತೆ.

ಆಮೇಲೆ ಪಕ್ಕದೂರಿನ ಒಬ್ಬ ಹುಡುಗ, ಅವರ ಪೈಕಿಯೋನೇ, ಎಳ್ಳು ಆಡಿಸೋಕೆ ಬಂದ, ದೇವೀರಿನ ನೋಡ್ದ, ಅವಳೂ ನೋಡಿದ್ಲು, ಎಣ್ಣೆ ತುಂಬಿಸಿಕೊಂಡ ಮೇಲೂ ಅವನು ಹೊರಡಲೇ ಇಲ್ಲವಂತೆ. ಸರಿ, ಮದುವೆ ಮಾತಾಯ್ತು. ಅವರಲ್ಲಿ ಒಂದು ಶಾಸ್ತ್ರ. ಗಂಡಿನ ತಾಯಿ ಬಂದು, ತಾನು ತಲೆ ಬಾಚಿದ ಬಾಚಣಿಗೆಯಲ್ಲೇ ಸೊಸೆಯಾಗೋಳ ತಲೆ ಬಾಚಬೇಕು, ಆಮೇಲೇ ಎಲೆ ಅಡಿಕೆ ಬದಲಾಯಿಸೋದು. ಹೆಣ್ಣು ತಲೆ ಕೊಡದಿದ್ರೆ ಸಂಬಂಧ ಮುರೀತು ಅಂತ್ಲೇ ಲೆಕ್ಕ.

ಇನ್ನೇನು ಮುಂದಿನ ಹುಣ್ಣಿಮೆಗೆ ಶಾಸ್ತ್ರ ಅನ್ನೋವಾಗ ದೇವೀರಿ ತಲೇಲಿ ಸಾಸಿವೆ ಕಾಳಿನಂಥ ಗುಳ್ಳೆ ಎದ್ದವಂತೆ. ಒಂದೊಂದು ಕೂದಲ ಬುಡಕ್ಕೆ ಒಂದೊಂದು ಗುಳ್ಳೆ, ಸುತ್ತ ಕೆಂಪು, ತುದೀಲಿ ಕೀವು. ಕೆರೆದ್ರೆ ಉರಿ, ಕೆರೀದಿದ್ರೆ ತುರಿ.

ದೊಡ್ಡತ್ತೆ ನೋಡಿ, ಅಯ್ಯೋ ಇದು ಉಷ್ಣ ಕಣೇ ಅಂತ ಹರಳೆಣ್ಣೆ ಸುರಿದು, ತುರುಬು ಇನ್ನಷ್ಟು ಬಿಗಿದು, ಮೇಲೊಂದು ಬಟ್ಟೆ ಸುತ್ತಿದಳಂತೆ. ಗುಳ್ಳೆ ಎರಡರಷ್ಟಾದವು. ಆಮೇಲೆ ನಡುವ್ಲತ್ತೆ ಬಂದು, ಕೊಳೆ ಕೂತಿದೆ ತಡಿ ಅಂತ ಮನೆಮಂದಿಯೆಲ್ಲ ಬಳಸೋ ಹೇನಿನ ಬಾಚಣಿಗೆ ತಂದು ಗೀರಿ ಗೀರಿ ಬಾಚಿ, ಉಗುರಲ್ಲಿ ಗುಳ್ಳೆ ಹಿಚುಕಿದಳಂತೆ. ರಕ್ತ ಬಂತು. ನಾಲ್ಕು ದಿನ ಬಿಟ್ಟು ನಡುವ್ಲತ್ತೆ ತಲೇಲೂ ಗುಳ್ಳೆ! ಮಾಡಿದ್ದುಣ್ಣೋ ಮಾರಾಯ ಅಂದಂಗೆ ಆಯ್ತು. ಕೊನೇಗೆ ಚಿಕ್ಕತ್ತೆ ಅಂದಳಂತೆ, ಇದು ದೇವರ ಮುನಿಸು, ನಾಳೆ ಬೋಳಿಸಿ ಮುಡಿ ಕೊಟ್ಟುಬಿಡೋಣ ಅಂತ.

ದೇವೀರಿಗೆ ಎದೆ ಒಡೆದು ಹೋಯ್ತು. ಬೋಳುತಲೆ ಬಾಚೋಕೆ ಯಾವ ಅತ್ತೆ ಬರ್ತಾಳೆ? ಆ ಹುಡುಗ ಕೈತಪ್ಪಿ ಹೋದ ಅಂತ ಅಳ್ತಾ ಕೊಟ್ಟಿಗೆಗೆ ಹೋದಳಂತೆ. ಅಲ್ಲಿ ಅಪ್ಪ ಗಾಣದ ಎತ್ತಿನ ಹೆಗಲು ತೊಳೀತಾ ಇದ್ದ. ನೊಗ ಉಜ್ಜಿ ಉಜ್ಜಿ ಪಾಪ ಎತ್ತಿನ ಹೆಗಲು ಕೀವಾಗಿತ್ತು. ಬೇವಿನೆಲೆ ಕುದಿಸಿದ ನೀರು ಆರಿಸಿ, ಉಗುರುಬೆಚ್ಚಗಿರುವಾಗ ಶುದ್ಧ ಬಟ್ಟೆ ಅದ್ದಿ, ಮೆಲ್ಲಗೆ ಒತ್ತಿ ಒತ್ತಿ ಕೀವು ತೆಗೀತಿದ್ದನಂತೆ.

ಅಪ್ಪಯ್ಯ, ಅದಕ್ಕೆ ಎಣ್ಣೆ ಹಚ್ಚಲ್ವಾ ಅಂದಳು ದೇವೀರಿ.

ಥೂ ಹುಚ್ಚಿ, ಕೀವಿನ ಮೇಲೆ ಎಣ್ಣೆ ಮೆತ್ತಿದ್ರೆ ಧೂಳು ಬೆವರು ಎಲ್ಲ ಅಲ್ಲೇ ಕೂರುತ್ತೆ, ಉಜ್ಜಬಾರದು, ಹಿಚುಕಬಾರದು, ವಾಸಿಯಾಗೋ ತನಕ ನೊಗ ಇಡಬಾರದು, ಗಾಳಿ ಆಡಬೇಕು ಅಂದನಂತೆ ಜೋಗಯ್ಯ.

ಹಾಗಾದ್ರೆ ಎತ್ತಿಗೊಂದು ನ್ಯಾಯ, ನನಗೊಂದು ನ್ಯಾಯವಾ ಅಪ್ಪಯ್ಯ ಅಂತ ಅವಳು ತುರುಬು ಬಿಚ್ಚಿ ತಲೆ ಬಗ್ಗಿಸಿದಳಂತೆ.

ಜೋಗಯ್ಯ ನೋಡ್ದ. ತಾಯಿಲ್ಲದ ಮಗು ತಲೇನ ಒಂದು ದಿನವೂ ಹೀಗೆ ಹತ್ತಿರದಿಂದ ನೋಡಿರಲಿಲ್ಲ ಅವನು. ಕಣ್ಣಲ್ಲಿ ನೀರು ಬಂತಂತೆ. ಆಮೇಲೆ ತಾನೇ ಒಲೆ ಹಚ್ಚಿ ನೀರು ಕಾಯಿಸಿ, ಬಿಸಿ ಬಟ್ಟೆ ಹಿಂಡಿ ಮೆಲ್ಲಗೆ ಇಟ್ಟು, ಸೀಗೇನೀರಲ್ಲಿ ಜಿಡ್ಡು ತೆಗೆದು, ಬಿಸಿಲಲ್ಲಿ ಕೂದಲು ಹರವಿ ಕೂರಿಸಿದನಂತೆ. ದಿಂಬಿನ ಬಟ್ಟೆ ಕುದಿಸಿ ಒಗೆಸಿದ, ಅವಳಿಗೇ ಅಂತ ಬೇರೆ ಬಾಚಣಿಗೆ ಕೊಡಿಸಿದ, ಬೋಳಿಸೋದೂ ಬೇಡ, ತಲೆ ಒಣಗೋ ತನಕ ಜಡೆ ಹಾಕೋದೂ ಬೇಡ ಅಂತ ಅಕ್ಕತಂಗೀರಿಗೆಲ್ಲ ಗದರಿದ. ಊರವರು ನಗಾಡಿದ್ರು, ನೋಡ್ರಪ್ಪ ಗಾಣಿಗರ ಮಗಳ ಒಣತಲೆ ಅಂತ. ನಗಲಿ ಬಿಡಿ, ಊರ ಬಾಯಿಗೆ ಮುಚ್ಚಳ ಹಾಕೋಕಾಗುತ್ತಾ ಅಂದನಂತೆ ಅವನು. ಒಂದೊಂದೇ ಗುಳ್ಳೆ ಬಾಡಿತು. ನೆತ್ತೀಲಿ ಒಂದು ಮಾತ್ರ ಗಟ್ಟಿಯಾಗಿ ದಪ್ಪಗಾಗ್ತಾ ಬಂತು, ಅದಕ್ಕೆ ಮನೆಮದ್ದು ಸಾಲದು ಅಂತ ಪಂಡಿತರ ಹತ್ರ ಕರ್ಕೊಂಡು ಹೋಗಿ ಔಷಧಿ ಕೊಡಿಸಿದ.

ಹುಣ್ಣಿಮೆ ಬಂತು, ಗಂಡಿನ ತಾಯಿ ಬಂದಳು, ದಟ್ಟ ಕೂದಲಿನ ಹೆಂಗಸು. ತನ್ನ ತಲೆ ಬಾಚಿಕೊಂಡು, ಆ ಬಾಚಣಿಗೆ ದೇವೀರಿ ತಲೆಗೆ ತಂದಳು. ಗುಳ್ಳೆ ಹೋಗಿ ಹೋಗಿ ಒಂದೆರಡು ಉಳಿದಿದ್ದವು, ಸುಮ್ಮನಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ದೇವೀರಿಗೆ ನಡುವ್ಲತ್ತೆ ತಲೆ ಕಣ್ಣಮುಂದೆ ಬಂತು. ತಲೆ ಕೊಡದಿದ್ರೆ ಸಂಬಂಧ ಮುರೀತು ಅಂತ ಗೊತ್ತಿದ್ರೂ ಆ ಕೈ ಹಿಡಿದುಕೊಂಡಳಂತೆ. ಬೇಡಿ ಅತ್ತೆಮ್ಮ, ನನ್ನ ತಲೇಲಿ ಗುಳ್ಳೆ ಆಗಿತ್ತು, ಪೂರ್ತಿ ಹೋಗಿಲ್ಲ, ಈ ಬಾಚಣಿಗೆ ಮತ್ತೆ ನಿಮ್ಮ ತಲೆಗೆ ಹೋಗುತ್ತೆ, ನಿಮಗೂ ಅಂಟೀತು.

ಮೂವರು ಅತ್ತೆಯರೂ ಬಾಯಿಗೆ ಸೆರಗು ಇಟ್ಟುಕೊಂಡರಂತೆ. ಜೋಗಯ್ಯ ತಲೆ ತಗ್ಗಿಸಿದ.

ಗಂಡಿನ ತಾಯಿ ಬಾಚಣಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಡುಗಿ ಗಲ್ಲ ಎತ್ತಿ ನೋಡಿ ಅಂದಳಂತೆ, ನನ್ನ ದೊಡ್ಡ ಮಕ್ಕಳಿಗೆ ಅಂತ ಎರಡು ಮನೇಲಿ ಈ ಶಾಸ್ತ್ರ ಮಾಡಿದೀನಿ ಕಣವ್ವ, ಎಲ್ಲರೂ ಅವರವರ ತಲೆ ಚೆಂದ ತೋರಿಸಿದ್ರು, ನನ್ನ ತಲೆ ಕಾಯೋಳು ನೀನೊಬ್ಬಳೇ. ನಿನ್ನ ಬಾಚಣಿಗೇನೇ ಕೊಡು, ಮೆಲ್ಲಗೆ ಬಾಚ್ತೀನಿ.

ಬಾಚಿದಳು, ಎಲೆ ಅಡಿಕೆ ಬದಲಾಯ್ತು, ಮದುವೆ ಆಯ್ತು, ದೇವೀರಿ ಆ ಮನೇಲಿ ಸುಖವಾಗಿ ಬಾಳಿದಳಂತೆ. ಕತೆ ಅವರೂರಿಗೆ ಹೋಯ್ತು, ನಿದ್ದೆ ನಮ್ಮೂರಿಗೆ ಬಂತು. ಮಲಗು ಮಗ.