ಹದಿಮೂರು ಮೈಲಿ ಹಿಂದೆ

ಶಿಷ್ಯ ಪರ್ವತಯ್ಯ ಕೇಳಿದ: "ಗುರುಗಳೇ, ಸರಾಸರಿ, ಮಧ್ಯಾಂಕ, ವ್ಯಾಪ್ತಿ ಮೂರನ್ನೂ ಕಲಿಸಿದಿರಿ. ಸರಾಸರಿ ಎಲ್ಲರನ್ನೂ ಕೂಡಿಸಿಕೊಂಡು ಹೇಳುತ್ತದೆ. ಮಧ್ಯಾಂಕ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿ ಹೇಳುತ್ತದೆ. ವ್ಯಾಪ್ತಿ ಮಾತ್ರ ಬರೀ ಒಂದು ಕಳೆಯುವ ಲೆಕ್ಕ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಮುಗಿಯಿತು. ಅದನ್ನೂ ಈ ಎರಡರ ಜೊತೆ ಏಕೆ ಇಡುತ್ತೀರಿ?"

ಗುರು ಶಂಭುದೇವಯ್ಯನವರು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಕೆರೆಯ ನೀರು ಕೆಟ್ಟಿತು. ಕುಡಿದವರು ವಾಂತಿಭೇದಿಯಾಗಿ ಸತ್ತರು. ಕೊನೆಗೆ ಉಳಿದದ್ದು ಏಳು ಮನೆ. ಏಳೂ ಮನೆಯವರು ಊರು ಬಿಟ್ಟು ಹೊರಟರು. ಅವರಲ್ಲಿ ಹಿರಿಯನೊಬ್ಬನನ್ನು ಯಜಮಾನನೆಂದು ಒಪ್ಪಿಕೊಂಡರು. ಅವನು ಪ್ರಾಮಾಣಿಕ. ಲೆಕ್ಕ ಬಲ್ಲವನು.

ಮೊದಲ ಹಾದಿ ಹಳ್ಳದ ದಡದಲ್ಲಿತ್ತು. ಎಲ್ಲಿ ನಿಂತರೂ ನೀರು ಸಿಗುತ್ತಿತ್ತು. ಆದ್ದರಿಂದ ಯಾರು ಎಷ್ಟು ಬೇಕಾದರೂ ನಡೆಯಬಹುದಿತ್ತು. ಮೊದಲ ದಿನ ಯಾವ ಮನೆ ಯಾವ ಮೈಲಿಗಲ್ಲಿನವರೆಗೆ ಬಂದಿದೆ ಎಂಬುದನ್ನು ಯಜಮಾನ ಬರೆದುಕೊಂಡ. ಒಬ್ಬ ವ್ಯಾಪಾರಿಗೆ ಜೋಡಿ ಕುದುರೆಯ ಬಂಡಿ ಇತ್ತು. ಅವನ ಮನೆಯವರು ಇಪ್ಪತ್ತೊಂದು ಮೈಲಿ ಹೋದರು. ಉಳಿದ ಮನೆಗಳು ಹನ್ನೆರಡು, ಹನ್ನೊಂದು, ಹತ್ತು, ಹತ್ತು, ಒಂಬತ್ತು. ಏಳನೆಯದು ಕುಂಬಾರರ ಮನೆ. ಕುಂಬಾರನ ಹೆಂಡತಿ ಸಂಕಮ್ಮ ಹೆತ್ತು ಹನ್ನೆರಡು ದಿನವಾಗಿತ್ತು. ಅವರು ನಡೆದದ್ದು ನಾಲ್ಕು ಮೈಲಿ.

ಹಳ್ಳ ಇಪ್ಪತ್ತೊಂದನೆಯ ಮೈಲಿಯಲ್ಲಿ ಬೇರೆ ಕಡೆಗೆ ತಿರುಗಿತು. ಅಲ್ಲಿಂದಾಚೆ ನೀರಿಲ್ಲದ ಬಯಲು. ಎಲ್ಲರೂ ಅಲ್ಲಿ ಸೇರುವವರೆಗೆ ಕಾದರು. ಕುಂಬಾರರ ಮನೆಯವರು ಬಂದದ್ದು ಆರನೆಯ ದಿನ.

ಬಯಲಿನಲ್ಲಿ ನೀರನ್ನು ಹೊತ್ತೊಯ್ಯಬೇಕಿತ್ತು. ಒಂದೇ ಒಂದು ನೀರಿನ ಗಾಡಿ. ಅದು ಮುಂಜಾನೆ ಮುಂದೆ ಹೋಗಿ ಒಂದು ಕಡೆ ನಿಲ್ಲಬೇಕು, ಜನ ಸಂಜೆಗೆ ಅಲ್ಲಿ ತಲುಪಬೇಕು. ಗಾಡಿ ಎಷ್ಟು ದೂರದಲ್ಲಿ ನಿಲ್ಲಬೇಕು? ಯಜಮಾನ ಏಳು ಮನೆಯ ಮೈಲಿಗಳನ್ನು ಕೂಡಿಸಿದ. ಎಪ್ಪತ್ತೇಳು ಬಂತು. ಏಳರಿಂದ ಭಾಗಿಸಿದ. ಹನ್ನೊಂದು. ಗಾಡಿಯನ್ನು ಬಯಲಿನ ಹನ್ನೊಂದನೆಯ ಮೈಲಿಯಲ್ಲಿ ನಿಲ್ಲಿಸಿದ.

ಹೊತ್ತು ಮುಳುಗುವಾಗ ಬಂದದ್ದು ಮೂರೇ ಮನೆ. ಇನ್ನು ಮೂರು ಮನೆಯವರು ಕತ್ತಲಲ್ಲಿ ಕಾಲೆಳೆಯುತ್ತ ಬಂದು ಸೇರಿದರು. ಕುಂಬಾರರು ಬರಲಿಲ್ಲ. ಯಜಮಾನ ಅವರಿಗೆ ವ್ಯಾಪಾರಿಯ ಕುದುರೆಯೊಂದರ ಮೇಲೆ ಒಂದು ಕೊಡ ನೀರು ಕಳುಹಿಸಿದ. ಆಮೇಲೆ ಕೂತು ಯೋಚಿಸಿದ. ಬಂಡಿಯವನ ಇಪ್ಪತ್ತೊಂದು ಲೆಕ್ಕವನ್ನು ಮೇಲಕ್ಕೆ ಎಳೆದಿತ್ತು. ಅದಕ್ಕೇ ನಾಲ್ಕು ಮನೆ ಹಿಂದೆ ಬಿದ್ದಿದ್ದವು.

ಈ ಸಲ ಅವನು ಏಳು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದ. ನಡುವೆ ನಿಂತದ್ದು ಹತ್ತು. ಮಾರನೆಯ ದಿನ ಗಾಡಿ ಹತ್ತು ಮೈಲಿ ನಡೆದು ನಿಂತಿತು. ಹೊತ್ತು ಮುಳುಗುವ ಮುಂಚೆ ಐದು ಮನೆ ಬಂದವು. ಆರನೆಯದೂ ಸ್ವಲ್ಪ ಹೊತ್ತಿನಲ್ಲೇ ಬಂತು. ಜನ ಯಜಮಾನನನ್ನು ಹೊಗಳಿದರು. ಅವನಿಗೂ ಸಮಾಧಾನವಾಯಿತು. ಕುದುರೆ ದಣಿದಿದ್ದರಿಂದ ಅಂದು ಕುಂಬಾರರಿಗೆ ನೀರು ಕಳುಹಿಸಲಿಲ್ಲ. "ನಿನ್ನೆ ಕಳುಹಿಸಿದ ನೀರು ಇದ್ದೇ ಇರುತ್ತದೆ. ನಾಳೆ ಬಂದು ಸೇರುತ್ತಾರೆ" ಎಂದು ಮಲಗಿದ.

ಬೆಳಿಗ್ಗೆ ಗಾಡಿ ಕಟ್ಟುವಾಗ ಆರನೆಯ ಮನೆಯ ಮುದುಕಿ ಬಂದು ಕೇಳಿದಳು: "ಬಾಣಂತಿ ಎಲ್ಲಿ?"



ಯಜಮಾನ ಕುದುರೆ ಹತ್ತಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಹದಿಮೂರು ಮೈಲಿ ಹಿಂದೆ, ಒಂದು ಜಾಲಿ ಮರದ ಕೆಳಗೆ ಅವರು ಸಿಕ್ಕರು. ಕುಂಬಾರ ಕೈಯಿಂದಲೇ ಮಣ್ಣು ತೋಡುತ್ತಿದ್ದ. ಸಂಕಮ್ಮ ಸೆರಗಿನಲ್ಲಿ ಸುತ್ತಿದ ಕೂಸನ್ನು ಹಿಡಿದು ಕೂತಿದ್ದಳು. ಹಿಂದಿನ ದಿನ ಮಧ್ಯಾಹ್ನವೇ ಕೊಡದ ನೀರು ಮುಗಿದಿತ್ತು. ಅವಳಲ್ಲಿ ಹಾಲು ಬತ್ತಿತ್ತು. ಕೂಸು ಬೆಳಗಿನ ಜಾವ ಸತ್ತಿತ್ತು.

ಯಜಮಾನ ನೀರು ಕೊಟ್ಟ. ಅವಳು ಕುಡಿದಳು. ಅವನು ನೆಲದ ಮೇಲೆ ಕೂತು ಹೇಳಿದ: "ಸಂಕಮ್ಮ, ಎರಡು ಸಲ ಲೆಕ್ಕ ಹಾಕಿದೆ ತಾಯಿ. ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ."

ಅವಳು ಸಿಟ್ಟಾಗಲಿಲ್ಲ. "ನಿಮ್ಮ ಲೆಕ್ಕ ತಪ್ಪಿರಲಿಕ್ಕಿಲ್ಲ ಯಜಮಾನರೇ. ನಮ್ಮ ನಾಲ್ಕು ಮೈಲಿಯನ್ನೂ ನೀವು ಸೇರಿಸಿಕೊಂಡಿದ್ದೀರಿ. ಗಾಡಿಯ ಹತ್ತಿರ ನಿಂತು ಒಂದು ಸಲ ತಿರುಗಿ ನೋಡಿದ್ದರೆ, ನಾವು ಎಷ್ಟು ದೂರ ಉಳಿದೆವು ಅಂತ ಕಾಣುತ್ತಿತ್ತು" ಎಂದಳು.

ಯಜಮಾನನೂ ಕುಂಬಾರನ ಜೊತೆ ಮಣ್ಣು ತೋಡಿದ. ಕೂಸನ್ನು ಮಣ್ಣು ಮಾಡಿದ ಮೇಲೆ ಅಲ್ಲೇ ನೆಲದ ಮೇಲೆ ಬೆರಳಿನಿಂದ ಇಪ್ಪತ್ತೊಂದು ಎಂದು ಬರೆದ. ಅದರ ಕೆಳಗೆ ನಾಲ್ಕು ಎಂದು ಬರೆದು ಕಳೆದ. ಹದಿನೇಳು. ಅಷ್ಟು ದಿನ ಕೂಡಿಸಿದ್ದರಲ್ಲೂ ಸಾಲಾಗಿ ಬರೆದದ್ದರಲ್ಲೂ ಈ ಹದಿನೇಳು ಅವನಿಗೆ ಕಂಡಿರಲಿಲ್ಲ.

ಸಂಕಮ್ಮನನ್ನು ಕುದುರೆಯ ಮೇಲೆ ಕೂರಿಸಿ, ತಾನು ಕುಂಬಾರನ ಜೊತೆ ನಡೆದು ಗಾಡಿಯ ಬಳಿಗೆ ಬಂದ. ಎಲ್ಲರ ಮುಂದೆ ನಡೆದದ್ದನ್ನು ಹೇಳಿದ. ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ವ್ಯಾಪಾರಿ ತನ್ನ ಬಂಡಿಯಿಂದ ಸಾಮಾನು ಇಳಿಸಿ, ಬಾಣಂತಿಗೆ ಜಾಗ ಮಾಡಿಕೊಟ್ಟ. ಅವನೂ ಅವನ ಮಕ್ಕಳೂ ಕೆಳಗಿಳಿದು ನಡೆದರು. ಈಗ ಎಲ್ಲರಿಗಿಂತ ಮುಂದಿನ ಮನೆ ದಿನಕ್ಕೆ ಹನ್ನೆರಡು ಮೈಲಿ ನಡೆಯಬಲ್ಲದು, ಎಲ್ಲರಿಗಿಂತ ಹಿಂದಿನ ಮನೆ ಒಂಬತ್ತು. ಹದಿನೇಳು ಇದ್ದದ್ದು ಮೂರಕ್ಕೆ ಇಳಿಯಿತು. ಮಾರನೆಯ ದಿನ ಗಾಡಿ ಒಂಬತ್ತು ಮೈಲಿ ನಡೆದು ನಿಂತಿತು. ಏಳೂ ಮನೆಯವರು ಹೊತ್ತಿರುವಾಗಲೇ ನೀರು ಕುಡಿದರು. ಹಾಗೆಯೇ ಬಯಲು ದಾಟಿದರು. ಆಚೆ ನೀರಿದ್ದ ಕಡೆ ಊರು ಕಟ್ಟಿದರು. ಸಂಕಮ್ಮ ಬಹಳ ಕಾಲ ಯಾರೊಂದಿಗೂ ಮಾತಾಡಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಪರ್ವತಯ್ಯ ಕೇಳಿದ: "ಹಾಗಾದರೆ ಆ ಯಜಮಾನ ಆಮೇಲೆ ಸರಾಸರಿ, ಮಧ್ಯಾಂಕಗಳನ್ನು ಬಿಟ್ಟುಬಿಟ್ಟನೇ?"

ಗುರುಗಳು ಹೇಳಿದರು: "ಇಲ್ಲಪ್ಪ, ದಿನವೂ ಮೂರನ್ನೂ ಲೆಕ್ಕ ಹಾಕಿದ, ಆದರೆ ಕೊನೆಯ ಮನೆಯವರ ಜೊತೆ ನಡೆಯುತ್ತ ಹಾಕಿದ."