ಮುನಿಸಿನ ಮಂಚ

ಕರಿನಾಳದಲ್ಲಿ ಬಸ್ಸಿಳಿದು ಬಲಕ್ಕೆ ನೋಡಿದರೆ ಮೊದಲು ಕಾಣುವುದು ಹುಡೇವು. ಹಿಂದಿನವರು ಕಳ್ಳಕಾಕರ ದಾರಿ ಕಾಯಲೆಂದು ಊರ ಅಂಚಿಗೆ ಕಟ್ಟುತ್ತಿದ್ದ ದುಂಡನೆಯ ಕಲ್ಲಿನ ಬುರುಜು ಅದು. ಈಗ ಕಳ್ಳರನ್ನು ಕಾಯುವವರು ಯಾರೂ ಇಲ್ಲ, ಮೊಬೈಲಿಗೆ ಸಿಗ್ನಲ್ ಹುಡುಕುವವರು ಮಾತ್ರ ಹತ್ತುತ್ತಾರೆ. ಅದರ ಬುಡದಲ್ಲಿ ಬೇವಿನ ನೆರಳಿಗೆ ಎರಡು ಕಲ್ಲಿನ ಮಂಚಗಳಿವೆ. ನಾಲ್ಕು ಕಾಲುಗಲ್ಲು, ಮೇಲೊಂದು ಉದ್ದನೆಯ ಹಾಸುಗಲ್ಲು, ಅಷ್ಟೇ. ಎರಡನ್ನೂ ಒಂದೇ ಅಳತೆಗೆ ಮಾಡಿದ್ದಾರೆ. ಆದರೆ ಒಂದರ ಮೇಲೆ ಕುಂತರೆ ಎಂಥ ಉದ್ದ ಕಾಲಿನವನ ಕಾಲೂ ನೆಲ ಮುಟ್ಟದೆ ತೂಗಾಡುತ್ತದೆ, ಇನ್ನೊಂದರ ಮೇಲೆ ಕುಂತರೆ ಮೊಣಕಾಲು ಗದ್ದಕ್ಕೆ ಬಂದು ಬಡಿಯುತ್ತದೆ. ಅದರಲ್ಲೂ ಬಡಗಣ ಮೂಲೆ ಇನ್ನಷ್ಟು ಹೂತಿದೆ. ಪರಊರಿನವರು ಬಂದರೆ ನಾವು ಮೊದಲು ಕೂಡ್ರಿಸುವುದು ಆ ಮೂಲೆಯಲ್ಲೇ. ಅವರು ಏಳಲಾರದೆ ಒದ್ದಾಡುವಾಗ ನಿಧಾನಕ್ಕೆ ಹೆಸರು ಹೇಳುತ್ತೇವೆ: ಇದು ಮುನಿಸಿನ ಮಂಚ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದಾಗ, ಭರಮಣ್ಣ ಎಂಬ ಉಪ್ಪಾರ ಮೇಸ್ತ್ರಿ ಇಲ್ಲಿ ಹುಡೇವು ಕಟ್ಟಲು ನಿಂತನಂತೆ. ಕೈ ಒಳ್ಳೆಯದು, ಕಲ್ಲಿಗೆ ಕಲ್ಲು ಕೂಡಿಸಿದರೆ ನಡುವೆ ಇರುವೆ ನುಸುಳಬೇಕಾದರೂ ಹೊಟ್ಟೆ ಎಳೆದುಕೊಳ್ಳಬೇಕು. ಆದರೆ ನಮ್ಮ ನೆಲ ಎರೆಯ ನೆಲ, ಕಪ್ಪು ಜಿಗುಟು ಮಣ್ಣು. ಬೇಸಿಗೆಯಲ್ಲಿ ಹಾರೆ ಹಾಕಿದರೆ ಹಾರೆಯೇ ಬಾಗುತ್ತದೆ, ಮಳೆ ಬಿದ್ದರೆ ಅಂಬಲಿಯಾಗಿ ಉಬ್ಬುತ್ತದೆ. ಬೇಸಿಗೆಯಲ್ಲಿ ಆ ಗಟ್ಟಿತನ ನಂಬಿ ಮೊಣಕಾಲಷ್ಟು ಪಾಯ ತೆಗೆದು ಕಟ್ಟಿದ ಮೊದಲ ಹುಡೇವು ಮೊದಲ ಮಳೆಗೆ ವಾಲಿ, ಎರಡನೆಯ ಮಳೆಗೆ ಮಲಗಿತು. ಮರುವರ್ಷ ಸೊಂಟದಷ್ಟು ಆಳ, ಎರಡರಷ್ಟು ಅಗಲ ತೆಗೆದ. ಅದೂ ಮಲಗಿತು. ಹುಡೇವು ಬಲಿ ಕೇಳುತ್ತದೆ ಎಂದು ಊರವರು ಕುರಿ ಕಡಿದಿದ್ದರು. ಕುರಿಯ ಊಟ ಚೆನ್ನಾಗಿತ್ತು ಎನ್ನುತ್ತಾರೆ, ಹುಡೇವಿಗೆ ಮಾತ್ರ ಅದು ಮೈಗೆ ಹತ್ತಲಿಲ್ಲ.

ದೇಸಾಯರಿಗೆ ಸಿಟ್ಟು ಬಂತು. ಭರಮಣ್ಣ ಕೈಮುಗಿದು, "ಧಣಿ, ಎರೆ ಮ್ಯಾಲಿಂದು ಅಷ್ಟರೀ. ಎರಡಾಳು ಕೆಳಗ ಗರಸು ಐತಿ, ಕೆಂಪನ್ನ ಗಟ್ಟಿ ನೆಲ. ಅಲ್ಲಿಂದ ಪಾಯ ಎಬ್ಬಿಸಿದ್ರ ಅಳ್ಳಾಡೂದಿಲ್ಲ" ಎಂದ. "ಹುಡೇವು ಕಟ್ಟಂದ್ರ ಬಾವಿ ತೋಡಾಕ ಹೊಂಟೀಯೇನೋ?" ಎಂದರು ದೇಸಾಯರು. ಕೊನೆಗೆ ಒಂದು ಮಾತು ಕಟ್ಟಿದರು. ತಪ್ಪು ಕೈಯದೋ ನೆಲದ್ದೋ ಎಂಬುದನ್ನು ಭರಮಣ್ಣ ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು. ಅವನ ಮಗಳ ಮದುವೆಗೆ ಅಕ್ಕಿಕಾಳು ಹಾಕಲು ದೇಸಾಯರು ಹೇಗೂ ಬರುವವರು, ಅಂದೇ ತೋರಿಸಬೇಕು. ಇಲ್ಲದಿದ್ದರೆ ಕರಣೆ, ಸುತ್ತಿಗೆ, ತೂಗುಗುಂಡು ಎಲ್ಲ ಬಾವಿಗೆ, ಭರಮಣ್ಣ ಊರ ಹೊರಗೆ. ಅಲ್ಲಿಯತನಕ ಬಿದ್ದ ಹುಡೇವಿನ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ.

ಭರಮಣ್ಣ ತನ್ನ ಹಿತ್ತಲಲ್ಲಿದ್ದ ಹಾಸುಗಲ್ಲು, ಕಾಡುಗಲ್ಲು ಎಲ್ಲ ಉರುಳಿಸಿ ತಂದು ಈ ಎರಡು ಮಂಚ ಮಾಡಿದ. ಒಂದರ ಕಾಲುಗಳು ಎರೆಯ ಮೇಲೇ ನಿಂತವು. ಇನ್ನೊಂದರ ಕಾಲುಗಳ ಕೆಳಗೆ ಗುಂಡಿ ತೋಡಿ, ಗರಸು ಸಿಕ್ಕಲ್ಲಿಂದ ಕಲ್ಲು ಕಟ್ಟುತ್ತ ಮೇಲೆ ತಂದ. ಎರಡರ ಮೇಲೂ ಸಮನಾಗಿ ಭಾರ ಹೇರಿ ಮಳೆಯಲ್ಲಿ ಎರಡು ದಿನ ಬಿಟ್ಟರೆ ನೆಲವೇ ಸಾಕ್ಷಿ ಹೇಳುತ್ತಿತ್ತು. ಅಷ್ಟರಲ್ಲಿ ಮುಂಗಾರಿನ ಮಿರಗದ ಮಳೆ ಹಿಡಿಯಿತು. ಎರೆಯಲ್ಲಿ ಬಂಡಿಯ ಗಾಲಿ ಅಚ್ಚಿನತನಕ ಹೂತುಹೋಗುವ ಹೊತ್ತು. ಮುಟ್ಟಬಾರದ ಕಲ್ಲು ಮುಂದೆಯೇ ಬಿದ್ದಿದೆ, ಭಾರ ಹೇರಲು ಮುಟ್ಟಬಹುದಾದ ಕಲ್ಲು ಹರದಾರಿ ಆಚೆಯ ಗಣಿಯಲ್ಲೇ ಉಳಿಯಿತು. ಭರಮಣ್ಣ ತಲೆ ಹಿಡಿದು ಕುಂತ. ಅರಿಷಿಣ ಹಚ್ಚಿಕೊಂಡು ಕುಂತಿದ್ದ ಮಗಳು ಹುಲಿಗೆವ್ವ ನಕ್ಕಳಂತೆ. "ಅಪ್ಪಾ, ಭಾರ ತಾನs ನಡಕೊಂಡು ಬರಾಕ ಹತ್ತೇತಿ. ನಾಳೆ ಬೀಗರು ಬರ್ತಾರಲ್ಲ!"

ಹುಲಿಗೆವ್ವನ ಮಾವನಾಗುವವನ ಹೆಸರು ಸಣ್ಣೆಪ್ಪ. ಸಣ್ಣದಿದ್ದದ್ದು ಅದೊಂದೇ. ಅವನ ಅಣ್ಣತಮ್ಮಂದಿರೂ ಹಾಗೆಯೇ, ಎಲ್ಲ ಕಲ್ಲು ಹೊತ್ತು ಬೆಳೆದ ಮೈ, ಎಲ್ಲ ಮೇಸ್ತ್ರಿಗಳು. "ಬಂದ ಬೀಗರು ಎರಡು ದಿನ ಒಂದs ಕಡೆ ಕುಂದರ್ತಾರೇನವಾ?" ಎಂದ ಭರಮಣ್ಣ. "ಮುನಿಸಿಕೊಂಡ್ರ ಕುಂದರ್ತಾರ" ಎಂದಳು ಮಗಳು. ಅವಳು ಹೇಳಿದ್ದು ನಿಜ. ಗಂಡಿನ ಕಡೆಯವರು ಮುನಿದರೆ, ಹೆಣ್ಣಿನ ಕಡೆಯವರು ರಮಿಸಿ ಸಮಾಧಾನ ಮಾಡುವತನಕ ಕುಂತಲ್ಲಿಂದ ಏಳುವುದಿಲ್ಲ. ಎದ್ದರೆ ಮರ್ಯಾದೆ ಹೋಯಿತು. ಆದರೆ ಹಗ್ಗ ಹೆಚ್ಚು ಎಳೆದರೆ ಮದುವೆಯೇ ಮುರಿಯುತ್ತದೆ. ಆಷಾಢಕ್ಕೆ ನಾಲ್ಕೇ ದಿನ ಉಳಿದಿತ್ತು. ಭರಮಣ್ಣನ ಕರಣೆಯೂ ಹುಲಿಗೆವ್ವನ ತಾಳಿಯೂ ಒಂದೇ ಹಾಸುಗಲ್ಲಿನ ಮೇಲೆ ಕುಂತವು.

ಮರುದಿನ ಬೀಗರು ಬಂದರು. ಮಂಚಗಳ ಮೇಲೆ ಚಪ್ಪರ, ಹಾಸಲು ಜಮಖಾನ. ಎರೆಯ ಮಂಚದ ಮೇಲೆ ಹತ್ತು ಗಂಡಸರು, ಗರಸಿನ ಮಂಚದ ಮೇಲೆ ಹದಿನಾಲ್ಕು ಹೆಂಗಸರು ಕುಂತರು. ಭಾರ ಕಡಿಮೆ ಬಿದ್ದೀತೆಂದು ಹುಲಿಗೆವ್ವ ಹೆಂಗಸರ ಮಡಿಲಿಗೆ ಬಳುವಳಿಯ ತಾಮ್ರದ ಹಂಡೆ, ಬೀಸುಕಲ್ಲು ಎಲ್ಲ ಇಡಿಸಿದಳು. ಅವರು ಸಂತೋಷದಿಂದ ಅಪ್ಪಿಕೊಂಡರು. ಎಲ್ಲರ ಕಾಲೂ ನೆಲದಿಂದ ಗೇಣು ಮೇಲೆ ತೂಗಾಡುತ್ತಿದ್ದವು. ಊಟ ಬಡಿಸಿದಾಗ ಭರಮಣ್ಣ ಸಣ್ಣೆಪ್ಪನ ಎಲೆಗೆ ತನ್ನ ಕೈಯಾರೆ ಒಂದು ಹಪ್ಪಳ ಇಟ್ಟ. ಮುರಿದ ಹಪ್ಪಳ.

"ಬೀಗರಿಗೆ ಮುರುಕು ಹಪ್ಪಳ?" ಎಂದ ಸಣ್ಣೆಪ್ಪ. "ಬಾಯಾಗ ಹೋದ ಮ್ಯಾಲೆ ಹೆಂಗಿದ್ರೂ ಮುರೀತೈತಲ್ರೀ" ಎಂದ ಭರಮಣ್ಣ. ಇಷ್ಟು ಸಾಕಾಯಿತು. ಸಣ್ಣೆಪ್ಪ ಕೈ ಕಟ್ಟಿ ಬಡಗಣ ಮೂಲೆಯಲ್ಲಿ ಊರಿ ಕುಂತ. ಅಣ್ಣತಮ್ಮಂದಿರು ಕೈ ಕಟ್ಟಿದರು. ಗಂಡಸರು ಮುನಿದ ಮೇಲೆ ನಾವೇನು ಕಡಿಮೆ ಎಂದು ಹೆಂಗಸರೂ ಹಂಡೆ ಬಿಡದೆ ಮೋರೆ ತಿರುವಿದರು. ಭರಮಣ್ಣ ಹೊತ್ತಿಗೊಮ್ಮೆ ರಮಿಸಲು ಬರುತ್ತಿದ್ದ. ಬೆಲ್ಲ ತಂದರೆ ಅದರಲ್ಲಿ ಇರುವೆ, ಎಲೆಯಡಿಕೆ ತಂದರೆ ಸುಣ್ಣ ಮರೆತಿರುತ್ತಿದ್ದ. ಮುನಿಸು ಮತ್ತಷ್ಟು ಬಲಿಯುತ್ತಿತ್ತು. ಹೊರಕಡೆಗೆ ಹೋಗಬೇಕಾದವರು ಒಬ್ಬೊಬ್ಬರಾಗಿ ಹೋಗಿ, ಓಡಿ ಬಂದು, ಮತ್ತೆ ಮುನಿಯುತ್ತಿದ್ದರಂತೆ. ರಾತ್ರಿ ಕುಂತಲ್ಲೇ ಗೊರಕೆ. ಮೇಲೆ ಮಳೆ, ಕೆಳಗೆ ನೀರು.

ಎರಡನೆಯ ದಿನ ಹೊತ್ತು ಇಳಿಯುವಾಗ ಕಿರಿಯ ತಮ್ಮ, "ಅಣ್ಣಾ, ಇವರ ಸಂಬಂಧ ಬ್ಯಾಡ, ಬಂಡಿ ಹೂಡೂಣು ನಡಿ" ಎಂದು ಎದ್ದೇ ಬಿಟ್ಟ. ಚಪ್ಪರದೆದುರಿನ ಮನೆಯ ಕದದ ಮರೆಯಲ್ಲಿದ್ದ ಹುಲಿಗೆವ್ವನ ಮುಖದ ಅರಿಷಿಣ ಬಿಳಿಚಿತು. ಸಣ್ಣೆಪ್ಪನೂ ಏಳಲೆಂದು ಕಾಲು ಚಾಚಿದ. ಹೆಬ್ಬೆರಳಿಗೆ ತಣ್ಣಗೆ ಕೆಸರು ತಗುಲಿತು. ನಿನ್ನೆ ಮುಟ್ಟದ ನೆಲ ಇವತ್ತು ಮುಟ್ಟುತ್ತಿದೆ. ಬಗ್ಗಿ ಕಾಲುಗಲ್ಲು ನೋಡಿದ. ಆಚೆ ಹೆಂಗಸರ ಮಂಚ ನೋಡಿದ. ಅಲ್ಲಿ ಕಾಲುಗೆಜ್ಜೆಗಳು ಇನ್ನೂ ಗೇಣು ಮೇಲೇ ತೂಗುತ್ತಿದ್ದವು. ಬೀಸುಕಲ್ಲು ಯಾಕೆ ಬಂತೆಂದು ಆಗ ಹೊಳೆಯಿತು. ನಲವತ್ತು ವರ್ಷ ಪಾಯ ತೆಗೆದವನು ಅವನು, ದೇಸಾಯರು ಕಟ್ಟಿದ ಮಾತು ಅವನ ಕಿವಿಗೂ ಬಿದ್ದಿತ್ತು.

"ಕುಂದರೋ!" ಎಂದು ತಮ್ಮನ ಧೋತರ ಹಿಡಿದು ಜಗ್ಗಿದ. "ದೇಸಾಯರು ಬರೂತನಕ ಯಾವನರ ಎದ್ರ ಕಾಲು ಮುರೀತೀನಿ." ಆಮೇಲೆ ಭರಮಣ್ಣನನ್ನು ಹತ್ತಿರ ಕರೆದು ಮೆಲ್ಲಗೆ, "ಬೀಗರ, ಗರಸು ಎಷ್ಟು ಆಳಕ್ಕ ಸಿಕ್ತು?" ಎಂದ. "ಎರಡಾಳು" ಎಂದ ಭರಮಣ್ಣ. "ಒಂದು ಮಾತು ಹೇಳಿದ್ರ ನಾನs ಕುಂದರ್ತಿದ್ದೆನಲ್ಲೋ ಮಾರಾಯಾ!" "ಹೇಳಿದ್ರ ನೀವು ಹಗೂರ ಕುಂದರ್ತಿದ್ರಿ." ಸಣ್ಣೆಪ್ಪ ನಕ್ಕ ನಗೆಗೆ ಮಂಚ ಇನ್ನೊಂದು ಬೆರಳು ಇಳಿಯಿತು ಎನ್ನುತ್ತಾರೆ.

ಮರುದಿನ ಮುಹೂರ್ತಕ್ಕೆ ದೇಸಾಯರು ಬಂದರು. ಒಂದು ಮಂಚದಲ್ಲಿ ಕೆಸರಿಗೆ ಕಾಲೂರಿ ಕುಂತ ಹತ್ತು ಮಂದಿ, ಇನ್ನೊಂದರಲ್ಲಿ ಕಾಲು ತೂಗುತ್ತ ಕುಂತ ಹದಿನಾಲ್ಕು ಮಂದಿ. ದೇಸಾಯರು ಬಗ್ಗಿ ಇಣುಕಿ, ಗೇಣು ಹಾಕಿ ಅಳೆದು, ತಾವೂ ಗಂಡಸರ ಮಂಚದ ಅಂಚಿಗೆ ಕುಂತು ನೋಡಿ, ಏಳಲು ಇಬ್ಬರ ಕೈ ಹಿಡಿದರಂತೆ. ಎದ್ದವರು ಆಡಿದ್ದು ಒಂದೇ ಮಾತು: "ತೋಡು, ಬಾವಿನs ತೋಡು." ಆದರೂ ಅಕ್ಕಿಕಾಳು ಬೀಳಲಿಲ್ಲ, ಸಣ್ಣೆಪ್ಪ ಇನ್ನೂ ಎದ್ದಿರಲಿಲ್ಲ. "ನೆಲದ ಕೆಲಸ ಮುಗೀತು. ನನ್ನ ಹಪ್ಪಳ?" ಎಂದ. ಹುಲಿಗೆವ್ವ ಬಾಸಿಂಗ ಕಟ್ಟಿಕೊಂಡವಳೇ ಒಲೆಯ ಮುಂದೆ ಕುಂತು ಒಂದು ಹಪ್ಪಳ ಕರಿದಳು. ಅಂಚು ಕೂಡ ಮುಕ್ಕಾಗದಂತೆ ಎರಡು ಅಂಗೈ ಮೇಲೆ ತಂದು ಕೊಟ್ಟಳು. ಆಗ ಸಣ್ಣೆಪ್ಪ ಎದ್ದ. ಅದಕ್ಕೂ ನಾಲ್ಕು ಮಂದಿ ಬೇಕಾಯಿತು.

ಗರಸಿನಿಂದ ಎಬ್ಬಿಸಿದ ಮೂರನೆಯ ಹುಡೇವು ಅಂದಿನಿಂದ ನೆಟ್ಟಗೇ ನಿಂತಿದೆ. ಗರಸಿನ ಮಂಚ ಕೂದಲೆಳೆಯಷ್ಟೂ ಕದಲಿಲ್ಲ. ಮುನಿಸಿನ ಮಂಚವನ್ನು ಆಮೇಲಿನ ಮಳೆಗಾಲಗಳು ಇನ್ನಷ್ಟು ಇಳಿಸಿವೆ. ಪಟ್ಟಣದ ಕಾಲೇಜಿನ ಮೇಷ್ಟ್ರೊಬ್ಬರು ಹುಡುಗರನ್ನು ಕರೆತಂದು, ಮಣ್ಣಿನ ತಾಳಿಕೆಯ ಬಗ್ಗೆ ಒಂದು ತಾಸು ಹೇಳಿದರು, ಬಡಗಣ ಮೂಲೆಯಲ್ಲಿ ಕುಂತೇ. ಯಾಕೆ ಅಷ್ಟು ಹೊತ್ತು ಹೇಳಿದರೆಂಬುದು ಅವರನ್ನು ಎಬ್ಬಿಸಿದ ನಮಗೆ ಗೊತ್ತು. ಈಗಲೂ ಊರಿನ ಯಾವ ಮದುವೆಯಲ್ಲೂ ಮೊದಲು ಕರಿದ ಹಪ್ಪಳವನ್ನು ಆ ಮೂಲೆಯ ಮೇಲೆ ಇಟ್ಟು ಬರುತ್ತಾರೆ. ಇಡಿಯ ಹಪ್ಪಳವೇ ಆಗಬೇಕು. ಇಟ್ಟವರು ತಿರುಗುವಷ್ಟರಲ್ಲಿ ಬೇವಿನಿಂದ ಗುಬ್ಬಿಗಳು ಇಳಿದು ಅದನ್ನು ಚೂರು ಮಾಡುತ್ತವೆ. ಗುಬ್ಬಿ ಮುರಿದದ್ದಕ್ಕೆ ಬೀಗರು ಮುನಿಯುವ ಹಾಗಿಲ್ಲ.